ಸ್ಲೈಡ್ ನೋಡಿದರೆ ಸೆಮಿನೋಮಾ, ರಕ್ತಪರೀಕ್ಷೆ ಅದನ್ನು ಒಪ್ಪುತ್ತಿಲ್ಲ: ವರದಿ ಹೇಗೆ ಬರೆಯಲಿ?

ಪ್ರಶ್ನೆ (ಪೆಥಾಲಜಿ ಸ್ನಾತಕೋತ್ತರ ವಿದ್ಯಾರ್ಥಿನಿ):
ನಮಸ್ಕಾರ ಸರ್. 29 ವರ್ಷದವರೊಬ್ಬರ ವೃಷಣದಲ್ಲಿದ್ದ 6 ಸೆಂಟಿಮೀಟರ್ ಗೆಡ್ಡೆಯ ಮೂರು ಬ್ಲಾಕ್‌ಗಳನ್ನು (ಮೇಣದಲ್ಲಿ ಕೂರಿಸಿದ ಅಂಗಾಂಶದ ತುಂಡುಗಳನ್ನು) ನೋಡಿದ್ದೇನೆ. ತಿಳಿಯಾದ ಕೋಶದ್ರವ್ಯವೂ ಸ್ಪಷ್ಟವಾದ ಅಂಚೂ ಇರುವ ದೊಡ್ಡ ಕೋಶಗಳು ಹಾಸಿನಂತೆ ಹರಡಿದ್ದು, ನಡುವಿನ ತೆಳುವಾದ ನಾರಿನ ಪಟ್ಟಿಗಳಲ್ಲಿ ಲಿಂಫೋಸೈಟ್‌ಗಳು ತುಂಬಿವೆ. ಆದರೆ ಶಸ್ತ್ರಚಿಕಿತ್ಸೆಗೆ ಮೊದಲು ರಕ್ತದಲ್ಲಿ ಆಲ್ಫಾ ಫೀಟೋಪ್ರೋಟೀನ್ (ಕೆಲವು ಗೆಡ್ಡೆಗಳು ಸ್ರವಿಸುವ ಪ್ರೋಟೀನ್) 240 ಇತ್ತು, ಸಾಮಾನ್ಯಕ್ಕಿಂತ ಬಹಳ ಹೆಚ್ಚು. ಶುದ್ಧ ಸೆಮಿನೋಮಾ (ವೃಷಣದ ಒಂದು ಬಗೆಯ ಕ್ಯಾನ್ಸರ್) ಎಂದು ಬರೆಯಬಹುದೇ?

ಉತ್ತರ (ಪೆಥಾಲಜಿಸ್ಟ್):
ಈಗಲೇ ಬರೆಯಬೇಡಿ. ನಿಮ್ಮ ವರ್ಣನೆ ಸೆಮಿನೋಮಾದ್ದೇ, ಅದರಲ್ಲಿ ತಪ್ಪಿಲ್ಲ. ಆದರೆ ಸೆಮಿನೋಮಾ ಕೋಶಗಳು ಆಲ್ಫಾ ಫೀಟೋಪ್ರೋಟೀನನ್ನು ತಯಾರಿಸುವುದಿಲ್ಲ. ಎಚ್‌ಸಿಜಿ ಎಂಬ ಹಾರ್ಮೋನು ತುಸು ಏರಿದ್ದರೆ ನಾನು ಇಷ್ಟು ತಡೆಯುತ್ತಿರಲಿಲ್ಲ, ಏಕೆಂದರೆ ಸೆಮಿನೋಮಾದ ನಡುವೆ ಚದುರಿದ ಸಿನ್ಸಿಷಿಯೋಟ್ರೋಫೋಬ್ಲಾಸ್ಟ್ (ಮಾಸುವಿನ ಕೋಶಗಳನ್ನು ಹೋಲುವ) ಕೋಶಗಳಿಂದ ಅದು ಬರಬಹುದು. ಆಲ್ಫಾ ಫೀಟೋಪ್ರೋಟೀನನ್ನು ಏರಿಸಬಲ್ಲ ಯಕೃತ್ತಿನ ಕಾಯಿಲೆ ಇಲ್ಲವೆಂದು ಖಚಿತವಾದರೆ, ನಿಮ್ಮ ಮೂರು ಬ್ಲಾಕ್‌ಗಳಿಗೆ ಸಿಗದ ಬೇರೊಂದು ಭಾಗ, ಬಹುತೇಕ ಯೋಕ್ ಸ್ಯಾಕ್ ಟ್ಯೂಮರ್ (ಆ ಪ್ರೋಟೀನನ್ನು ತಯಾರಿಸುವ ಇನ್ನೊಂದು ಬಗೆಯ ಗೆಡ್ಡೆ), ಆ ಗೆಡ್ಡೆಯಲ್ಲಿ ಇದೆ ಎಂದೇ ಎಣಿಸಬೇಕು.

ಆದ್ದರಿಂದ ಫಾರ್ಮಾಲಿನ್‌ನಲ್ಲಿ ಉಳಿದಿರುವ ಗೆಡ್ಡೆಯನ್ನು ಮತ್ತೆ ತೆರೆಯಿರಿ. ಪ್ರತಿ ಸೆಂಟಿಮೀಟರಿಗೆ ಕನಿಷ್ಠ ಒಂದು ಬ್ಲಾಕ್ ಬೇಕು. ಅದಕ್ಕಿಂತ ಮುಖ್ಯವಾಗಿ, ಏಕರೂಪದ ಬೂದು-ಬಿಳಿ ಭಾಗವನ್ನು ಬಿಟ್ಟು, ರಕ್ತಸ್ರಾವವಾದ, ಕೊಳೆತ, ಗುಳ್ಳೆಗಟ್ಟಿದ ಅಥವಾ ಲೋಳೆಯಂತಿರುವ ಭಾಗಗಳಿಂದ ಹೆಚ್ಚು ತೆಗೆಯಿರಿ. ಸೂಕ್ಷ್ಮದರ್ಶಕದಲ್ಲಿ ಬಲೆಯಂತಹ ಹೆಣಿಗೆ, ಕಿರುಗುಳ್ಳೆಗಳು, ಗುಲಾಬಿ ಬಣ್ಣದ ಹಯಲಿನ್ ಗೋಲಿಗಳನ್ನು ಹುಡುಕಿ. ಷಿಲ್ಲರ್-ಡುವಾಲ್ ಬಾಡಿ (ರಕ್ತನಾಳದ ಸುತ್ತ ಗೆಡ್ಡೆಯ ಕೋಶಗಳು ಸೇರಿದ, ಯೋಕ್ ಸ್ಯಾಕ್ ಟ್ಯೂಮರ್ ಗುರುತಾದ ರಚನೆ) ಸಿಕ್ಕರೆ ಸಂತೋಷ, ಆದರೆ ಅದಕ್ಕಾಗಿ ಕಾಯುತ್ತ ಕೂರಬೇಡಿ. ಅನೇಕ ಗೆಡ್ಡೆಗಳಲ್ಲಿ ಅದು ಇರುವುದೇ ಇಲ್ಲ.

ಮರುಪ್ರಶ್ನೆ:
ಧನ್ಯವಾದಗಳು ಸರ್. ಒಂದು ಹೊಸ ಬ್ಲಾಕಿನಲ್ಲಿ ಗುಳ್ಳೆಗಳು ಕಾಣುತ್ತಿವೆ. ನೀರು ತುಂಬಿ ಊದಿದ ಸೆಮಿನೋಮಾವೂ ಹೀಗೆಯೇ ಕಾಣುತ್ತದಲ್ಲವೇ?

ಉತ್ತರ:
ಹೌದು, ಅನುಭವಿಗಳೂ ಇಲ್ಲಿ ಎಡವುತ್ತಾರೆ. ಊದಿದ ಸೆಮಿನೋಮಾದಲ್ಲಿ ಗುಳ್ಳೆಗಳ ಸುತ್ತಲಿನ ಕೋಶಗಳು ಪಕ್ಕದ ಸೆಮಿನೋಮಾ ಕೋಶಗಳಂತೆಯೇ ಇರುತ್ತವೆ, ಲಿಂಫೋಸೈಟ್‌ಗಳೂ ಜೊತೆಗಿರುತ್ತವೆ. ಯೋಕ್ ಸ್ಯಾಕ್‌ನಲ್ಲಿ ಗುಳ್ಳೆಗೆ ಚಪ್ಪಟೆಯಾದ ಕೋಶಗಳ ಒಳಪದರವಿರುತ್ತದೆ. ಅನುಮಾನ ಉಳಿದರೆ ಇಮ್ಯುನೋ (ಕೋಶದ ನಿರ್ದಿಷ್ಟ ಪ್ರೋಟೀನ್‌ಗಳಿಗೆ ಪ್ರತಿಕಾಯಗಳಿಂದ ಬಣ್ಣ ಹಿಡಿಸುವ ಪರೀಕ್ಷೆ) ಮಾಡಿಸಿ: ಸೆಮಿನೋಮಾದಲ್ಲಿ ಓಸಿಟಿ4 ಕೋಶಕೇಂದ್ರದಲ್ಲಿ ಬಣ್ಣ ಹಿಡಿಯುತ್ತದೆ, ಯೋಕ್ ಸ್ಯಾಕ್‌ನಲ್ಲಿ ಹಿಡಿಯುವುದಿಲ್ಲ, ಗ್ಲೈಪಿಕನ್-3 ಇದಕ್ಕೆ ವಿರುದ್ಧ. ಎಸ್‌ಎಎಲ್‌ಎಲ್4 ಎರಡರಲ್ಲೂ ಬರುವುದರಿಂದ ಈ ಪ್ರಶ್ನೆಗೆ ನೆರವಾಗದು. ಕೋಶಗಳು ಒಂದರ ಮೇಲೊಂದು ಬಿದ್ದು, ಅಂಚು ಅಳಿಸಿ, ಗ್ರಂಥಿಗಳಂತೆ ಕಂಡರೆ ಎಂಬ್ರಿಯೋನಲ್ ಕಾರ್ಸಿನೋಮಾ ಎಂಬ ಮತ್ತೊಂದು ಬಗೆಯ ಗೆಡ್ಡೆಯನ್ನು ನೆನೆಯಿರಿ. ಅದಕ್ಕೂ ಓಸಿಟಿ4 ಬರುತ್ತದೆ, ಸಿಡಿ30 ಅದನ್ನು ಬೇರ್ಪಡಿಸುತ್ತದೆ.

ಇಡೀ ಗೆಡ್ಡೆಯನ್ನು ನೋಡಿದ ಮೇಲೂ ಸೆಮಿನೋಮಾ ಮಾತ್ರ ಕಂಡರೆ, ಕಂಡದ್ದನ್ನೇ ಬರೆಯಿರಿ. ಆದರೆ ಆಲ್ಫಾ ಫೀಟೋಪ್ರೋಟೀನ್ ಏರಿರುವುದನ್ನು ಟಿಪ್ಪಣಿಯಲ್ಲಿ ದಾಖಲಿಸಿ, ಆಂಕಾಲಜಿಸ್ಟ್‌ಗೆ ಖುದ್ದಾಗಿ ಫೋನ್ ಮಾಡಿ ತಿಳಿಸಿ. ಅಂಥ ರೋಗಿಗೆ ಅವರು ನಾನ್-ಸೆಮಿನೋಮಾ ಎಂದೇ ಚಿಕಿತ್ಸೆ ಯೋಜಿಸುತ್ತಾರೆ.