ಮಾರ್ಚ್ ಮ್ಯಾಡ್‌ನೆಸ್ ಬ್ರಾಕೆಟ್: ಅಪ್‌ಸೆಟ್ (ದುರ್ಬಲ ತಂಡದ ಗೆಲುವು) ಎಷ್ಟು ಬರೀಬೇಕು, ಎಲ್ಲಿ ಬರೀಬೇಕು?

ಹೊಸ_ಬ್ರಾಕೆಟ್:
ಆಫೀಸಿನ ಅಮೆರಿಕದ ಟೀಮ್ ನಡೆಸೋ ಎನ್‌ಸಿಎಎ (ಕಾಲೇಜು ಬ್ಯಾಸ್ಕೆಟ್‌ಬಾಲ್) ಪುರುಷರ ಬ್ರಾಕೆಟ್ ಪೂಲ್‌ಗೆ ಸೇರಿದ್ದೀನಿ, ಅಂದ್ರೆ ಟೂರ್ನಿಯ ಪ್ರತಿ ಪಂದ್ಯ ಯಾರು ಗೆಲ್ತಾರೆ ಅಂತ ಮೊದಲೇ ಬರೆದುಕೊಡೋ ಪೈಪೋಟಿ. 40 ಜನ ಇದ್ದಾರೆ, ಒಂದೊಂದು ಸರಿ ಊಹೆಗೆ ಅಂಕ ಸುತ್ತಿನಿಂದ ಸುತ್ತಿಗೆ 1-2-4-8-16-32. ವೃತ್ತಿಪರರ ಎನ್‌ಬಿಎ ಗೊತ್ತು, ಕಾಲೇಜು ತಂಡಗಳ ಪರಿಚಯ ಇಲ್ಲ. ತಂಡಗಳು ನಾಲ್ಕು ರೀಜನ್ ಅನ್ನೋ ಗುಂಪಲ್ಲಿವೆ, ಪ್ರತಿ ಗುಂಪಲ್ಲೂ 1ರಿಂದ 16ರ ತನಕ ಸೀಡ್, ಅಂದ್ರೆ ಶ್ರೇಯಾಂಕ, 1 ಅಂದ್ರೆ ಬಲಿಷ್ಠ. 12ನೇ ಸೀಡ್ 5ನೇ ಸೀಡನ್ನ ಸೋಲಿಸೋದು ಮಾಮೂಲಿ ಅಂತಾರೆ, ನಾಲ್ಕೂ ರೀಜನ್‌ನಲ್ಲಿ 12ನ್ನೇ ಬರೀಲಾ? ಕೆಲವು ಕಡೆ ಒಂದೇ ಸಾಲಲ್ಲಿ ಎರಡು ತಂಡದ ಹೆಸರಿದೆ, ಅದೇನು? ಟೈಬ್ರೇಕರ್‌ಗೆ ಫೈನಲ್‌ನ ಒಟ್ಟು ಪಾಯಿಂಟ್ ಕೇಳ್ತಿದೆ, ಎಷ್ಟು ಹಾಕೋದು? ನಮ್ಮ ಟೈಮಲ್ಲಿ ಯಾವಾಗ ಲಾಕ್ ಆಗುತ್ತೆ, ಅಂದ್ರೆ ಬರೆದಿದ್ದನ್ನ ಬದಲಿಸೋಕೆ ಆಗಲ್ಲ?

ರಿಮ್_ರಾಯ:
ಮೊದಲು ಅಂಕದ ಲೆಕ್ಕ ನೋಡಿ. ಮೊದಲ ಸುತ್ತಿನ 32 ಪಂದ್ಯವೂ ಸರಿ ಬಂದ್ರೆ ಸಿಗೋದು 32. ಚಾಂಪಿಯನ್ ತಂಡ ಒಂದನ್ನ ಸರಿಯಾಗಿ ಹಿಡಿದ್ರೆ ಅದರ ಆರು ಗೆಲುವಿಗೇ 1+2+4+8+16+32, ಅಂದ್ರೆ 63. ಅದಕ್ಕೇ ಬ್ರಾಕೆಟ್ಟನ್ನ ಹಿಂದಿನಿಂದ ತುಂಬಿ: ಚಾಂಪಿಯನ್, ಆಮೇಲೆ ಫೈನಲ್ ಫೋರ್ (ಸೆಮಿಫೈನಲ್‌ನ ನಾಲ್ಕು ತಂಡ), ಕೊನೆಗೆ ಮೊದಲ ಸುತ್ತು. ಮೇಲಿಂದ ಕೆಳಗೆ ಒಂದೊಂದೇ ಪಂದ್ಯ ತುಂಬ್ತಾ ಹೋದವರು ಅಪ್‌ಸೆಟ್ ಹುಡುಕೋ ಭರದಲ್ಲಿ 2ನೇ, 3ನೇ ಸೀಡ್‌ಗಳನ್ನ ಮೊದಲ ವಾರದಲ್ಲೇ ಮನೆಗೆ ಕಳಿಸಿಬಿಡ್ತಾರೆ. ಅಲ್ಲಿಗೆ ಪೂಲ್ ಕೈತಪ್ಪಿದ ಹಾಗೆ.

5-12ರಲ್ಲಿ 12 ಗೆಲ್ಲೋದು ಸುಮಾರು ಮೂರಕ್ಕೆ ಒಂದು ಸಲ. ನಾಲ್ಕರಲ್ಲಿ ಒಂದು ಬರೀರಿ, ಧೈರ್ಯ ಇದ್ರೆ ಎರಡು. 12ನೇ ಸೀಡ್ ಹೆಚ್ಚಾಗಿ ಮಧ್ಯಮ ಗಾತ್ರದ ಕಾನ್ಫರೆನ್ಸಿನ (ಕಾಲೇಜುಗಳ ಲೀಗ್) ಚಾಂಪಿಯನ್, ಜೊತೆಯಲ್ಲಿ ಆಡಿ ಪಳಗಿದ ಸೀನಿಯರ್‌ಗಳು ಇರ್ತಾರೆ. ಅಂಥ ತಂಡ ಚೆಂಡು ಕಳ್ಕೊಳ್ಳೋದು ಕಮ್ಮಿ, ಮೂರು ಪಾಯಿಂಟಿನ ಎಸೆತ ಜಾಸ್ತಿ ಅಂತಿದ್ರೆ ಅದನ್ನೇ ಆರಿಸಿ. ಆದ್ರೆ ಎರಡನೇ ಸುತ್ತಲ್ಲಿ ಅದನ್ನ ನಿಲ್ಲಿಸಿ, 4ನೇ ಸೀಡನ್ನ ಮುಂದೆ ಕಳಿಸಿ.

8-9 ಹೆಚ್ಚೂಕಮ್ಮಿ ಸಮ. ಅಲ್ಲಿ ತಲೆ ಕೆಡಿಸ್ಕೋಬೇಡಿ, ಗೆದ್ದವರಿಗೆ ಮುಂದಿನ ಪಂದ್ಯ ಬಹುತೇಕ 1ನೇ ಸೀಡ್ ಜೊತೆ.

ಡೇಟನ್_ಮಂಗಳವಾರ:
ಎರಡು ಹೆಸರಿರೋ ಸಾಲು ಫಸ್ಟ್ ಫೋರ್. ಒಟ್ಟು 68 ತಂಡ, ಬ್ರಾಕೆಟ್‌ನಲ್ಲಿ ಜಾಗ 64. ಮಂಗಳವಾರ, ಬುಧವಾರ ಒಹಾಯೊದ ಡೇಟನ್‌ನಲ್ಲಿ ನಾಲ್ಕು ಪಂದ್ಯ ನಡೆದು ಆ ಸಾಲುಗಳು ತುಂಬುತ್ತೆ. ಸಾಮಾನ್ಯವಾಗಿ ಪೂಲ್‌ನಲ್ಲಿ ಇದಕ್ಕೆ ಅಂಕ ಇಲ್ಲ. ಆ ಸಾಲನ್ನ ಆರಿಸಿದ್ರೆ ಇಬ್ಬರಲ್ಲಿ ಯಾರು ಗೆದ್ದು ಬಂದ್ರೂ ನಿಮ್ಮವರೇ. 11ನೇ ಸೀಡಿನ ಸಾಲಾದ್ರೆ ಹಗುರವಾಗಿ ತಗೋಬೇಡಿ: 2011ರಲ್ಲಿ ವಿಸಿಯು, 2021ರಲ್ಲಿ ಯುಸಿಎಲ್‌ಎ ತಂಡಗಳು ಅಲ್ಲಿಂದ ಹೊರಟು ಫೈನಲ್ ಫೋರ್ ಮುಟ್ಟಿದವು. ಆದ್ರೂ 2025ರ ತನಕ ಯಾವ 11ನೇ ಸೀಡೂ ಫೈನಲ್ ಆಡಿಲ್ಲ.

ಲಾಕ್ ಆಗೋದು ಗುರುವಾರದ ಮೊದಲ ಪಂದ್ಯ ಶುರುವಾದಾಗ, ಅಲ್ಲಿನ ಪೂರ್ವ ಭಾಗದಲ್ಲಿ ಮಧ್ಯಾಹ್ನ 12 ದಾಟಿದ ಮೇಲೆ. ಮಾರ್ಚ್ ಎರಡನೇ ಭಾನುವಾರ ಅವರು ಗಡಿಯಾರ ಒಂದು ಗಂಟೆ ಮುಂದಿಡ್ತಾರೆ, ಭಾರತಕ್ಕೂ ಅವರಿಗೂ ಇರೋ ಅಂತರ ಹತ್ತೂವರೆ ಗಂಟೆಯಿಂದ ಒಂಬತ್ತೂವರೆಗೆ ಇಳಿಯುತ್ತೆ. ಹಳೇ ಲೆಕ್ಕದಲ್ಲಿ ರಾತ್ರಿ ಹತ್ತೂವರೆ ತನಕ ಟೈಮಿದೆ ಅಂತ ಕೂತ್ರೆ ಕೆಟ್ರಿ. ರಾತ್ರಿ 9 ಗಂಟೆಗೆ ಮುಗಿಸಿಬಿಡಿ.

ಕೊನೇ_ಎರಡು_ನಿಮಿಷ:
ಟೈಬ್ರೇಕರ್‌ನಲ್ಲಿ ಎನ್‌ಬಿಎ ನೋಡೋರು 210, 220 ಹಾಕಿ ಕೆಡಿಸ್ಕೊಳ್ತಾರೆ. ಕಾಲೇಜು ಪಂದ್ಯ 48 ಅಲ್ಲ, 40 ನಿಮಿಷ; ಶಾಟ್ ಕ್ಲಾಕ್ (ಒಂದು ದಾಳಿಯಲ್ಲಿ ಎಸೆಯೋಕೆ ಇರೋ ಸಮಯ) 30 ಸೆಕೆಂಡ್. ಫೈನಲ್‌ಗಳ ಮೊತ್ತ ನೋಡಿ: 2022ರಲ್ಲಿ 72-69, 2023ರಲ್ಲಿ 76-59, 2024ರಲ್ಲಿ 75-60, 2025ರಲ್ಲಿ 65-63. 138ರ ಆಸುಪಾಸು ಹಾಕಿ. ನೀವು ಬರೆದ ಎರಡು ತಂಡವೂ ನಿಧಾನ ಆಡೋವಾದ್ರೆ 130.

ಒಂದು ಎಚ್ಚರಿಕೆ. ಭಾನುವಾರ ಬ್ರಾಕೆಟ್ ಬಂದ ತಕ್ಷಣ ತುಂಬಿ ಸುಮ್ಮನಾಗಬೇಡಿ, ಗುರುವಾರ ಸಂಜೆ ಗಾಯದ ಸುದ್ದಿ ಮತ್ತೊಮ್ಮೆ ನೋಡಿ. 2018ರಲ್ಲಿ ವರ್ಜೀನಿಯಾದ ಡಿಆಂಡ್ರೆ ಹಂಟರ್ ಮಣಿಕಟ್ಟು ಮುರಿದು ಹೊರಗುಳಿದ ಸುದ್ದಿ ಬ್ರಾಕೆಟ್ ಬಂದ ಮೇಲೆ ಹೊರಬಿತ್ತು. ಆ ತಂಡ 16ನೇ ಸೀಡ್ ಯುಎಂಬಿಸಿ ಎದುರು ಅರ್ಧ ಆಟಕ್ಕೆ 21-21ರಲ್ಲಿತ್ತು, ಕೊನೆಗೆ 54-74ರಲ್ಲಿ ಸೋತಿತು. ವರ್ಜೀನಿಯಾ ಆಡ್ತಿದ್ದಿದ್ದೇ ನಿಧಾನಗತಿಯಲ್ಲಿ. ಎರಡೂ ಕಡೆ ಸಿಗೋ ಅವಕಾಶ ಕಮ್ಮಿ ಆದಷ್ಟೂ ದುರ್ಬಲ ತಂಡಕ್ಕೆ ಅನುಕೂಲ. ಹಾಗಂತ 1-16ರಲ್ಲಿ 16 ಬರೀಬೇಡಿ. ಪುರುಷರಲ್ಲಿ 2025ರ ತನಕ ಹಾಗಾಗಿದ್ದು ಎರಡೇ ಸಲ.

ಹೊಸ_ಬ್ರಾಕೆಟ್:
ಥ್ಯಾಂಕ್ಸ್. ಹಾಗಾದ್ರೆ ಫೈನಲ್ ಫೋರ್‌ಗೆ ನಾಲ್ಕೂ 1ನೇ ಸೀಡ್ ಬರೆದ್ರೆ ಸಾಕಲ್ವಾ?

ರಿಮ್_ರಾಯ:
ಬೇಡ. 2025ರ ತನಕ ನಾಲ್ಕೂ ಬಂದಿದ್ದು 2008ರಲ್ಲಿ, 2025ರಲ್ಲಿ, ಅಷ್ಟೇ. 2023ರಲ್ಲಿ ಒಂದೂ ಬರಲಿಲ್ಲ. ಎರಡು 1, ಒಂದು 2, ಇನ್ನೊಂದು 3 ಅಥವಾ 4 ಬರೀರಿ. ಹತ್ತು ಜನರ ಪೂಲ್ ಆಗಿದ್ರೆ ಎಲ್ಲರ ಮೆಚ್ಚಿನ ತಂಡವನ್ನೇ ಚಾಂಪಿಯನ್ ಮಾಡಿ ಅಂತಿದ್ದೆ. 40 ಜನರಲ್ಲಿ ಹದಿನೈದು ಜನ ಅದನ್ನೇ ಬರೆದಿದ್ರೆ ಅದು ಗೆದ್ರೂ ಹದಿನೈದು ಜನರ ಜೊತೆ ಪೈಪೋಟಿ ಉಳಿಯುತ್ತೆ. ಯಾರು ಎಷ್ಟು ಶೇಕಡ ಜನರ ಆಯ್ಕೆ ಅಂತ ಹೆಚ್ಚಿನ ಬ್ರಾಕೆಟ್ ಸೈಟ್‌ಗಳಲ್ಲಿ ತೋರಿಸ್ತಾರೆ. ಅದನ್ನ ನೋಡಿ, ಜನ ಕಮ್ಮಿ ಇರೋ ಇನ್ನೊಂದು 1ನೇ ಸೀಡನ್ನ ಹಿಡೀರಿ.