ಯುಎಸ್‌ಬಿ ಕೇಬಲ್‌ನಿಂದ ಟ್ಯಾಬ್ಲೆಟ್ ಚಾರ್ಜ್ ಆಗುತ್ತದೆ, ಆದರೆ ಕಂಪ್ಯೂಟರ್ ಅದನ್ನು ಗುರುತಿಸುವುದಿಲ್ಲ

ಪ್ರಶ್ನೆ

ನಮಸ್ಕಾರ. ನನ್ನ ಆಂಡ್ರಾಯ್ಡ್ ಟ್ಯಾಬ್ಲೆಟ್‌ನಲ್ಲಿರುವ ಫೋಟೋಗಳನ್ನೂ ಸ್ಕ್ಯಾನ್ ಮಾಡಿಟ್ಟ ದಾಖಲೆಗಳನ್ನೂ ವಿಂಡೋಸ್ 10 ಇರುವ ಕಂಪ್ಯೂಟರಿಗೆ ನಕಲಿಸಿಕೊಳ್ಳಬೇಕಾಗಿದೆ. ಕೇಬಲ್ ಜೋಡಿಸಿದ ಕೂಡಲೇ ಟ್ಯಾಬ್ಲೆಟ್ ಚಾರ್ಜ್ ಆಗತೊಡಗುತ್ತದೆ. ಆದರೆ ‘ದಿಸ್ ಪಿಸಿ’ ತೆರೆದು ನೋಡಿದರೆ ಹಾರ್ಡ್ ಡಿಸ್ಕ್ ಬಿಟ್ಟು ಬೇರೇನೂ ಕಾಣುವುದಿಲ್ಲ. ಅದೇ ಪೋರ್ಟಿಗೆ ಪೆನ್‌ಡ್ರೈವ್ ಹಾಕಿದರೆ ತಕ್ಷಣ ತೆರೆದುಕೊಳ್ಳುವುದರಿಂದ ಪೋರ್ಟ್ ಕೆಟ್ಟಿಲ್ಲ, ಚಾರ್ಜ್ ಆಗುತ್ತಿರುವುದರಿಂದ ಕೇಬಲ್ ಕೂಡ ಸರಿಯಾಗಿಯೇ ಇದೆ ಎಂದುಕೊಂಡಿದ್ದೇನೆ. ಯಾರೋ ಸೂಚಿಸಿದಂತೆ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿದ್ದರಿಂದಲೂ ಪ್ರಯೋಜನವಾಗಲಿಲ್ಲ. ಇನ್ನು ಫ್ಯಾಕ್ಟರಿ ರೀಸೆಟ್ ಒಂದೇ ದಾರಿ ಎಂದು ಪರಿಚಿತರೊಬ್ಬರು ಹೇಳುತ್ತಿದ್ದಾರೆ. ಬೇರೆ ಉಪಾಯವಿದ್ದರೆ ದಯವಿಟ್ಟು ತಿಳಿಸಿ.

ಉತ್ತರ 1

ರೀಸೆಟ್ ಖಂಡಿತ ಬೇಡ. ನೀವು ಉಳಿಸಿಕೊಳ್ಳಬೇಕೆಂದಿರುವ ಫೈಲ್‌ಗಳನ್ನೇ ಅದು ಅಳಿಸಿಹಾಕುತ್ತದೆ.

ಚಾರ್ಜ್ ಆಗುತ್ತಿದೆ ಎಂಬ ಮಾತ್ರಕ್ಕೆ ಕೇಬಲ್ ಸರಿಯಿದೆ ಎನ್ನಲಾಗದು. ಸಾಮಾನ್ಯ ಯುಎಸ್‌ಬಿ 2.0 ಕೇಬಲ್‌ನೊಳಗೆ ನಾಲ್ಕು ತಂತಿಗಳಿರುತ್ತವೆ: ಎರಡು ವಿದ್ಯುತ್ತಿಗೆ, ಇನ್ನೆರಡು ಮಾಹಿತಿಯ ಸಾಗಣೆಗೆ. ಚಾರ್ಜಿಂಗ್‌ಗೆಂದೇ ತಯಾರಾದ ಅಗ್ಗದ ಕೇಬಲ್‌ಗಳಲ್ಲಿ ಮಾಹಿತಿಯ ತಂತಿಗಳೇ ಇರುವುದಿಲ್ಲ, ಅಥವಾ ಬಹಳ ದಿನ ಬಳಸಿದ ಕೇಬಲ್‌ನಲ್ಲಿ ಕನೆಕ್ಟರ್‌ನ ಬುಡದಲ್ಲಿ ಅವು ತುಂಡಾಗಿರುತ್ತವೆ. ಟ್ಯಾಬ್ಲೆಟ್ ತನ್ನ ಇರುವಿಕೆಯನ್ನು ಕಂಪ್ಯೂಟರಿಗೆ ತಿಳಿಸುವುದು ಈ ಮಾಹಿತಿಯ ತಂತಿಗಳಲ್ಲೊಂದರ ವೋಲ್ಟೇಜನ್ನು ಮೇಲಕ್ಕೆಳೆಯುವ ಮೂಲಕ. ಆ ತಂತಿಯೇ ಇಲ್ಲದಿದ್ದರೆ ಏನೋ ಜೋಡಣೆಯಾಗಿದೆ ಎಂಬ ಸುಳಿವೂ ಕಂಪ್ಯೂಟರಿಗೆ ಸಿಗುವುದಿಲ್ಲ.

ಆದ್ದರಿಂದ ಯಾವುದೇ ಸೆಟ್ಟಿಂಗ್ ಮುಟ್ಟುವ ಮೊದಲು ಒಂದು ಸಂಗತಿಯನ್ನು ಖಚಿತಪಡಿಸಿಕೊಳ್ಳಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆದಿಟ್ಟುಕೊಂಡು, ಆ ಪಟ್ಟಿಯ ಮೇಲೆ ಕಣ್ಣಿಟ್ಟು ಟ್ಯಾಬ್ಲೆಟ್‌ನ ಕೇಬಲ್ ಚುಚ್ಚಿರಿ. ಕೇಬಲ್ ಕೂತ ಕ್ಷಣ ಪಟ್ಟಿ ಒಮ್ಮೆ ಮಿನುಗಿ ಹೊಸದಾಗಿ ಮೂಡಿದರೆ ಕಂಪ್ಯೂಟರ್ ಏನನ್ನೋ ಗಮನಿಸಿದೆ ಎಂದರ್ಥ. ಆಗ ದೋಷವನ್ನು ಸೆಟ್ಟಿಂಗ್‌ನಲ್ಲೋ ಡ್ರೈವರ್‌ನಲ್ಲೋ (ಸಾಧನದೊಡನೆ ವ್ಯವಹರಿಸಲು ಕಂಪ್ಯೂಟರ್ ಬಳಸುವ ತಂತ್ರಾಂಶ) ಹುಡುಕಬೇಕು. ಪಟ್ಟಿ ಅಲುಗದಿದ್ದರೆ, ಸಾಧನ ಜೋಡಿಸಿದಾಗ ಬರುವ ಸದ್ದೂ ಬಾರದಿದ್ದರೆ, ಫೈಲ್ ವರ್ಗಾವಣೆಗೆ ಬಳಕೆಯಾಗುತ್ತಿದೆ ಎಂದು ನಿಮಗೆ ಖಾತ್ರಿಯಿರುವ ಬೇರೊಂದು ಕೇಬಲ್ ಹಾಕಿ ನೋಡಿ. ನಡುವೆ ಹಬ್ (ಒಂದು ಪೋರ್ಟನ್ನು ಹಲವಾಗಿಸುವ ಪೆಟ್ಟಿಗೆ) ಬೇಡ. ಡೆಸ್ಕ್‌ಟಾಪ್ ಆದರೆ ಹಿಂಬದಿಯ ಪೋರ್ಟ್ ಬಳಸುವುದು ಒಳ್ಳೆಯದು. ಟ್ಯಾಬ್ಲೆಟ್‌ನ ಪೋರ್ಟಿನೊಳಗೆ ದೂಳು ಗಟ್ಟಿಯಾಗಿ ಕೂತು ಕೇಬಲ್ ಪೂರ್ತಿ ಒಳಹೋಗದಿರುವುದೂ ಉಂಟು. ಹಾಗಿದ್ದರೆ ಟ್ಯಾಬ್ಲೆಟ್ ಆಫ್ ಮಾಡಿ ಮರದ ಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ, ಸೂಜಿಯನ್ನು ಮಾತ್ರ ಬಳಸಬೇಡಿ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಹಳೆಯ ಕೇಬಲ್‌ನಲ್ಲಿ ಪಟ್ಟಿ ಅಲುಗಲಿಲ್ಲ. ಬೇರೆ ಕೇಬಲ್ ಹಾಕಿದಾಗ ಸದ್ದೂ ಬಂತು, ಟ್ಯಾಬ್ಲೆಟ್‌ನ ಹೆಸರೂ ‘ದಿಸ್ ಪಿಸಿ’ಯಲ್ಲಿ ಕಾಣಿಸಿತು. ಆದರೆ ಅದನ್ನು ತೆರೆದರೆ ಒಳಗೆ ಖಾಲಿ.

ಉತ್ತರ 2

ಖಾಲಿ ಕಾಣುವುದು ಟ್ಯಾಬ್ಲೆಟ್ ಅನುಮತಿ ಕೊಡದಿರುವುದರಿಂದ. ಆಂಡ್ರಾಯ್ಡ್ 6.0 ಆವೃತ್ತಿಯಿಂದೀಚೆಗೆ, ಕೇಬಲ್ ಜೋಡಿಸಿದಾಗ ತಾನಾಗಿ ಆಯ್ಕೆಯಾಗುವುದು ಚಾರ್ಜಿಂಗ್ ಮಾತ್ರ. ಕಂಡಕಂಡ ಕಂಪ್ಯೂಟರಿಗೆ ಚುಚ್ಚಿದೊಡನೆ ಫೈಲ್‌ಗಳೆಲ್ಲ ತೆರೆದುಕೊಳ್ಳಬಾರದು ಎಂಬುದು ಇದರ ಉದ್ದೇಶ. ಕಿರಿಕಿರಿ ಎನಿಸಿದರೂ ಈ ಏರ್ಪಾಡು ಸರಿಯಾದದ್ದೇ. ಟ್ಯಾಬ್ಲೆಟ್‌ನ ಲಾಕ್ ತೆಗೆದು, ಪರದೆಯ ಮೇಲಿನಿಂದ ಕೆಳಕ್ಕೆ ಎಳೆದು, ‘ಯುಎಸ್‌ಬಿ ಮೂಲಕ ಚಾರ್ಜ್ ಮಾಡಲಾಗುತ್ತಿದೆ’ ಎಂಬರ್ಥದ ಸೂಚನೆಯನ್ನು ಒತ್ತಿ, ‘ಫೈಲ್ ವರ್ಗಾವಣೆ’ಯನ್ನು ಆರಿಸಿರಿ. ಕೆಲವು ಟ್ಯಾಬ್ಲೆಟ್‌ಗಳಲ್ಲಿ ಇದನ್ನು ಎಂಟಿಪಿ (ಮೀಡಿಯಾ ಟ್ರಾನ್ಸ್‌ಫರ್ ಪ್ರೋಟೋಕಾಲ್, ಅಂದರೆ ಫೈಲ್ ವರ್ಗಾವಣೆಯ ಕ್ರಮ) ಎಂದು ಬರೆದಿರುತ್ತದೆ. ಪರದೆ ಲಾಕ್ ಆಗಿರುವಾಗ ಜೋಡಿಸಿದರೂ ಫೋಲ್ಡರ್ ಖಾಲಿ ಕಾಣಬಹುದು.

ಯುಎಸ್‌ಬಿ ಡೀಬಗಿಂಗ್‌ಗೂ ಫೈಲ್ ನಕಲಿಸುವುದಕ್ಕೂ ಸಂಬಂಧವಿಲ್ಲ. ಅದು ಆ್ಯಪ್ ತಯಾರಿಸುವವರಿಗಾಗಿ ಇರುವ ಸೌಲಭ್ಯ. ದಯವಿಟ್ಟು ಆಫ್ ಮಾಡಿಬಿಡಿ.

ಇಷ್ಟಾದ ಮೇಲೂ ಡಿವೈಸ್ ಮ್ಯಾನೇಜರ್‌ನಲ್ಲಿ ಟ್ಯಾಬ್ಲೆಟ್‌ನ ಹೆಸರಿನ ಪಕ್ಕ ಹಳದಿ ಗುರುತು ಕಂಡರೆ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಡ್ರೈವರ್ ಅಪ್‌ಡೇಟ್ ಆಯ್ಕೆಯಲ್ಲಿ ಕಂಪ್ಯೂಟರಿನಲ್ಲೇ ಇರುವ ಡ್ರೈವರ್‌ಗಳ ಪಟ್ಟಿಯಿಂದ ‘ಎಂಟಿಪಿ ಯುಎಸ್‌ಬಿ ಡಿವೈಸ್’ ಅನ್ನು ನೀವೇ ಆರಿಸಬಹುದು. ನಿಮ್ಮದು ಹೆಸರಿನ ಕೊನೆಯಲ್ಲಿ ‘ಎನ್’ ಅಕ್ಷರವಿರುವ ವಿಂಡೋಸ್ ಆವೃತ್ತಿಯಾಗಿದ್ದರೆ ಎಂಟಿಪಿಗೆ ಬೇಕಾದ ಭಾಗಗಳೇ ಅದರಲ್ಲಿರುವುದಿಲ್ಲ. ಮೀಡಿಯಾ ಫೀಚರ್ ಪ್ಯಾಕ್ ಅನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕಾಗುತ್ತದೆ.

ಉತ್ತರ 3

ಮೇಲಿನವರ ಮಾತಿಗೆ ನನ್ನದೊಂದು ಸೇರ್ಪಡೆ. ಹಳದಿ ಗುರುತಿನ ಜೊತೆಗೆ ‘ಕೋಡ್ 43’ ಮತ್ತು ‘ಡಿವೈಸ್ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್’ ಎಂಬ ಸಂದೇಶವೂ ಇದ್ದರೆ ಕೂಡಲೇ ಡ್ರೈವರ್ ಬದಲಾಯಿಸಲು ಹೋಗಬೇಡಿ. ಯಾವ ತಯಾರಕರ ಯಾವ ಸಾಧನ ಎಂದು ಕಂಪ್ಯೂಟರ್ ಕೇಳಿದ ಮೊದಲ ಪ್ರಶ್ನೆಗೇ ಸರಿಯಾದ ಉತ್ತರ ಬಂದಿಲ್ಲ ಎಂದು ಆ ಸಂದೇಶ ಹೇಳುತ್ತದೆ. ಎದುರಿಗಿರುವುದು ಏನೆಂದೇ ತಿಳಿಯದ ಮೇಲೆ ಯಾವ ಡ್ರೈವರ್ ಹಾಕಿದರೇನು? ಇಂಥಲ್ಲಿ ಮೊದಲು ಅನುಮಾನಿಸಬೇಕಾದದ್ದು ಕೇಬಲ್ ಅಥವಾ ಪೋರ್ಟನ್ನು. ಲಿನಕ್ಸ್ ಬಳಸುವವರು ಟರ್ಮಿನಲ್‌ನಲ್ಲಿ ‘ಎಲ್ಎಸ್‌ಯುಎಸ್‌ಬಿ’ ಆಜ್ಞೆ ಕೊಟ್ಟು ಟ್ಯಾಬ್ಲೆಟ್ ಪಟ್ಟಿಯಲ್ಲಿದೆಯೇ ಎಂದು ನೋಡಬಹುದು.

ಪೆನ್‌ಡ್ರೈವ್ ಕೆಲಸ ಮಾಡಿದ ಮಾತ್ರಕ್ಕೆ ಟ್ಯಾಬ್ಲೆಟ್ ಕೂಡ ಅದರಂತೆಯೇ ಕಾಣಿಸಿಕೊಳ್ಳಬೇಕೆಂದು ನಿರೀಕ್ಷಿಸುವಂತಿಲ್ಲ. ಹಿಂದಿನ ಕ್ರಮದಲ್ಲಿ ಟ್ಯಾಬ್ಲೆಟ್ ತನ್ನ ಸಂಗ್ರಹವನ್ನು ಪೂರ್ತಿಯಾಗಿ ಕಂಪ್ಯೂಟರಿನ ವಶಕ್ಕೆ ಒಪ್ಪಿಸಬೇಕಿತ್ತು, ಅಷ್ಟು ಹೊತ್ತು ತಾನೇ ಅದನ್ನು ಬಳಸುವಂತಿರಲಿಲ್ಲ. 2011ರಲ್ಲಿ ಬಂದ ಆಂಡ್ರಾಯ್ಡ್ 3.0 ಟ್ಯಾಬ್ಲೆಟ್‌ಗಳಿಂದ ಎಂಟಿಪಿ ಬಳಕೆಗೆ ಬಂತು. ಇದರಲ್ಲಿ ಕಂಪ್ಯೂಟರ್ ಒಂದೊಂದೇ ಫೈಲನ್ನು ಕೇಳಿ ಪಡೆಯುತ್ತದೆ, ಸಂಗ್ರಹ ಟ್ಯಾಬ್ಲೆಟ್‌ನ ಅಧೀನದಲ್ಲೇ ಉಳಿಯುತ್ತದೆ. ಆದಕಾರಣ ಡ್ರೈವ್‌ಗೆ ಇರುವಂಥ ‘ಸಿ:’, ‘ಡಿ:’ ಮಾದರಿಯ ಅಕ್ಷರ ಇದಕ್ಕೆ ಸಿಗುವುದಿಲ್ಲ.

ಪ್ರಶ್ನೆ ಕೇಳಿದವರು

ಫೋಟೋಗಳೆಲ್ಲ ಬಂದವು. ಆದರೆ ಇತ್ತೀಚೆಗೆ ಸ್ಕ್ಯಾನ್ ಮಾಡಿದ ಕೆಲವು ದಾಖಲೆಗಳು ಟ್ಯಾಬ್ಲೆಟ್‌ನಲ್ಲಿ ತೆರೆಯುತ್ತವೆ, ಕಂಪ್ಯೂಟರಿನಲ್ಲಿ ಮಾತ್ರ ಯಾವ ಫೋಲ್ಡರಿನಲ್ಲೂ ಸಿಗುತ್ತಿಲ್ಲ.

ಉತ್ತರ 3

ಹೊಸ ಫೈಲ್‌ಗಳು ಕೆಲವೊಮ್ಮೆ ಎಂಟಿಪಿ ಪಟ್ಟಿಗೆ ತಡವಾಗಿ ಸೇರುತ್ತವೆ. ಟ್ಯಾಬ್ಲೆಟ್ ರೀಸ್ಟಾರ್ಟ್ ಮಾಡಿ, ಲಾಕ್ ತೆಗೆದು, ಮತ್ತೆ ‘ಫೈಲ್ ವರ್ಗಾವಣೆ’ ಆರಿಸಿ ನೋಡಿ. ಆಗಲೂ ಕಾಣದಿದ್ದರೆ ಸ್ಕ್ಯಾನ್ ಆ್ಯಪ್ ಅವನ್ನು ತನ್ನ ಖಾಸಗಿ ಜಾಗದಲ್ಲಿ ಇಟ್ಟುಕೊಂಡಿರಬೇಕು. ಆ ಜಾಗವನ್ನು ಎಂಟಿಪಿ ತೋರಿಸುವುದೇ ಇಲ್ಲ. ಆ್ಯಪ್‌ನೊಳಗೇ ಇರುವ ಎಕ್ಸ್‌ಪೋರ್ಟ್ ಅಥವಾ ಶೇರ್ ಆಯ್ಕೆಯಿಂದ ಅವನ್ನು ಡೌನ್‌ಲೋಡ್ಸ್ ಫೋಲ್ಡರಿಗೆ ಉಳಿಸಿ, ನಂತರ ಕೇಬಲ್ ಜೋಡಿಸಿರಿ.