ಲ್ಯಾಬ್ ಬಿಟ್ಟು ಇನ್‌ಫೆಕ್ಷನ್ ಕಂಟ್ರೋಲ್‌ಗೆ ಹೋಗಬಹುದಾ?

ಅಗರ್‌ಪ್ಲೇಟ್:
ಮೈಕ್ರೋಬಯಾಲಜಿ ಓದಿ ಆಸ್ಪತ್ರೆಯ ಲ್ಯಾಬಿನಲ್ಲಿದ್ದೇನೆ. ಕಲ್ಚರ್ ಹಾಕು (ಸ್ಯಾಂಪಲ್‌ನಲ್ಲಿರೋ ಬ್ಯಾಕ್ಟೀರಿಯಾ ಬೆಳೆಸು), ಸೆನ್ಸಿಟಿವಿಟಿ ನೋಡು (ಅದಕ್ಕೆ ಯಾವ ಆಂಟಿಬಯೋಟಿಕ್ ಕೆಲಸ ಮಾಡುತ್ತದೆ ಅಂತ), ರಿಪೋರ್ಟ್ ಕಳಿಸು, ಅಷ್ಟೇ. ಆ ರೋಗಿಗೆ ಮುಂದೇನಾಯ್ತು ಅಂತ ಗೊತ್ತೇ ಆಗುವುದಿಲ್ಲ. ಈಗ ಸೋಂಕು ನಿಯಂತ್ರಣ ತಂಡಕ್ಕೆ ಕರೆಯುತ್ತಿದ್ದಾರೆ. "ಕೈ ತೊಳೀರಿ ಅಂತ ಹೇಳ್ಕೊಂಡು ತಿರುಗೋ ಕೆಲಸ, ಓದಿದ್ದೆಲ್ಲ ದಂಡ" ಅನ್ನುತ್ತಾರೆ ಜೊತೆಯವರು. ನಿಜಾನಾ?

ವಾರ್ಡ್‌ಸುತ್ತು:
ತಿರುಗೋದು ನಿಜ, ದಂಡ ಅನ್ನೋದು ಸುಳ್ಳು. ಕೈ ತೊಳೆಯೋದನ್ನೇ ತಗೊಳ್ಳಿ. ಭೇದಿ ತರುವ ಸಿ. ಡಿಫಿಸಿಲ್ ಬ್ಯಾಕ್ಟೀರಿಯಾ ಬಂದಿರುವ ವಾರ್ಡಿನಲ್ಲಿ ಆಲ್ಕೋಹಾಲ್ ರಬ್ ನಂಬಿಕೊಂಡರೆ ಆಗುವುದಿಲ್ಲ, ಅದರ ಸ್ಪೋರ್ (ಗಟ್ಟಿ ಕವಚದ ಸುಪ್ತ ರೂಪ) ಆಲ್ಕೋಹಾಲಿಗೆ ಸಾಯುವುದಿಲ್ಲ, ಸೋಪು ನೀರೇ ಬೇಕು. ಇದನ್ನು ಹೇಳೋಕೆ ಮೈಕ್ರೋಬಯಾಲಜಿ ಬೇಕಲ್ವಾ? ಇನ್ನು ಐಸಿಯುನಲ್ಲಿ ಒಂದೇ ವಾರ ಮೂವರಿಗೆ ಅಸಿನೆಟೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ಬಂತು ಅಂದುಕೊಳ್ಳಿ. ಅದು ನಿಜವಾದ ಸೋಂಕಾ, ಇಲ್ಲ ಸುಮ್ನೆ ಮೈಮೇಲೆ ಕೂತಿದೆಯಾ, ಮೂರೂ ಒಂದೇ ತಳಿಯಾ, ಯಾವ ವೆಂಟಿಲೇಟರ್, ಯಾವ ಸಿಂಕ್, ಯಾರ ಕೈ ಅಂತ ಹುಡುಕಿಕೊಂಡು ಹೋಗಬೇಕು. ಸೆನ್ಸಿಟಿವಿಟಿ ಪ್ಯಾಟರ್ನ್ ಒಂದೇ ಇದ್ದ ಮಾತ್ರಕ್ಕೆ ತಳಿ ಒಂದೇ ಅನ್ನೋಕಾಗಲ್ಲ, ಡಿಎನ್‌ಎ ಓದುವ ಸೀಕ್ವೆನ್ಸಿಂಗ್‌ಗೂ ಕಳಿಸಬೇಕಾಗಬಹುದು. ಲ್ಯಾಬ್ ಬೆಂಚಿನಲ್ಲಿ ಕಲ್ಚರ್ ಪ್ಲೇಟ್ ನೋಡಿ ಪಳಗಿದ ಕಣ್ಣು ಇಲ್ಲಿ ತುಂಬಾ ಕೆಲಸಕ್ಕೆ ಬರುತ್ತದೆ.

ಲೆಕ್ಕದವರು:
ಎಕ್ಸೆಲ್ ಅಂದ್ರೆ ಅಲರ್ಜಿ ಇದ್ದರೆ ಬರಬೇಡಿ :) ಸಾಮಾನ್ಯವಾಗಿ ಅಡ್ಮಿಟ್ ಆಗಿ 48 ಗಂಟೆ ಕಳೆದ ಮೇಲೆ ಶುರುವಾದ ಸೋಂಕು ಆಸ್ಪತ್ರೆಯ ಖಾತೆಗೆ ಬೀಳುತ್ತದೆ. ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆ) ಸೋಂಕನ್ನು 1000 ಲೈನ್ ದಿನಕ್ಕೆ (ಒಬ್ಬರಿಗೆ ಒಂದು ದಿನ ಲೈನ್ ಇದ್ದರೆ ಒಂದು ಲೈನ್ ದಿನ) ಎಷ್ಟು ಅಂತ ಲೆಕ್ಕ ಹಾಕುತ್ತಾರೆ. ಆಪರೇಷನ್ ಗಾಯವನ್ನು 30 ದಿನ, ಕೆಲವು ಇಂಪ್ಲಾಂಟ್ ಕೇಸುಗಳಲ್ಲಿ 90 ದಿನ ನೋಡಬೇಕು, ಅಷ್ಟೊತ್ತಿಗೆ ರೋಗಿ ಮನೆ ಸೇರಿರುತ್ತಾರೆ, ಫೋನ್ ಮಾಡಿ ಕೇಳಬೇಕು. ಒಂದು ತಮಾಷೆ ಏನಂದ್ರೆ, ನೀವು ಸರಿಯಾಗಿ ಎಣಿಸೋಕೆ ಶುರು ಮಾಡಿದ ತಕ್ಷಣ ಸೋಂಕಿನ ದರ ಮೇಲೇರುತ್ತದೆ. ಮೊದಲು ಯಾರೂ ಹುಡುಕಿರಲಿಲ್ಲ, ಅದಕ್ಕೆ. ಮ್ಯಾನೇಜ್‌ಮೆಂಟಿಗೆ ಇದನ್ನು ಮೊದಲೇ ಹೇಳಿಡಿ, ಇಲ್ಲಾಂದ್ರೆ ನೀವು ಬಂದ ಮೇಲೇ ಸೋಂಕು ಜಾಸ್ತಿ ಆಯ್ತು ಅಂತಾರೆ.

ಹಳೇಸ್ವಾಬ್:
ಮೇಲಿನವರು ಕಷ್ಟದ ಭಾಗ ಬಿಟ್ಟರು. ಗ್ಲವ್ಸ್ ಬದಲಿಸದೆ ಮುಂದಿನ ಹಾಸಿಗೆಗೆ ಹೋಗುವ ಸೀನಿಯರ್ ಸರ್ಜನ್‌ಗೆ ಎದುರು ನಿಂತು ಹೇಳಬೇಕು. 1847ರಲ್ಲಿ ವಿಯೆನ್ನಾದಲ್ಲಿ ಸೆಮೆಲ್ವೈಸ್ ಅನ್ನೋ ಡಾಕ್ಟರ್ ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿ ಬಾಣಂತಿಯರ ಸಾವು ಇಳಿಸಿ ತೋರಿಸಿದಾಗಲೂ ಎಷ್ಟೋ ಡಾಕ್ಟರುಗಳು ಒಪ್ಪಲಿಲ್ಲ. ಈಗಲೂ ಅಂಥವರು ಸಿಗುತ್ತಾರೆ. ಕೆಲವು ಕಡೆ ಪ್ರತಿ ವಾರ ಗೋಡೆ, ನೆಲದ ಸ್ವಾಬ್ (ಹತ್ತಿಕಡ್ಡಿಯಲ್ಲಿ ಒರೆಸಿದ ಸ್ಯಾಂಪಲ್) ತೆಗೆಸಿ ಫೈಲ್ ತುಂಬಿಸುತ್ತಾರೆ, ಅದರಿಂದ ಏನೂ ಉಪಯೋಗವಿಲ್ಲ, ಔಟ್‌ಬ್ರೇಕ್ (ಒಂದೇ ಸೋಂಕು ಹಲವರಿಗೆ ಹರಡೋದು) ಇದ್ದಾಗ ಗುರಿ ಇಟ್ಟು ತೆಗೆದರೆ ಮಾತ್ರ ಅರ್ಥವಿದೆ. ಸೇರುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಅಪಾಯ ಕಂಡರೆ ಒಂದು ಆಪರೇಷನ್ ಥಿಯೇಟರ್ ನಿಲ್ಲಿಸುವ ಅಧಿಕಾರ ತಂಡಕ್ಕೆ ಇದೆಯಾ?

ಅಗರ್‌ಪ್ಲೇಟ್:
ಅಧಿಕಾರದ ವಿಷಯ ತಲೆಗೇ ಹೊಳೆದಿರಲಿಲ್ಲ, ಕೇಳುತ್ತೇನೆ. ಬೆಂಚ್ ಪೂರ್ತಿ ಬಿಡಬೇಕಾ?

ವಾರ್ಡ್‌ಸುತ್ತು:
ಬಿಡಲೇಬೇಡಿ. ಬೆಳಿಗ್ಗೆ ಪಾಸಿಟಿವ್ ಬ್ಲಡ್ ಕಲ್ಚರ್‌ಗಳನ್ನು ನೀವೇ ನೋಡಿ, ಆಮೇಲೆ ವಾರ್ಡಿಗೆ ಹೋಗಿ. ಅದು ತಪ್ಪದಂತೆ ಆಫರ್ ಲೆಟರಿನಲ್ಲೇ ಬರೆಸಿಕೊಳ್ಳಿ.